ಕಗ್ಗದ ಗದ್ದೆಗೆ ಇಳಿದ ಹಂಸಗಳು: ಅಘನಾಶಿನಿ ದಂಡೆಯ ಒಂದು ಪ್ರಕರಣ

“ಡಾಕ್ಟರೇ, ಹಂಸ ಹೊಡೆದರೆ ಕೇಸಾಗುತ್ತದೆಯೇ?”

2024ರ ಜುಲೈ ಎರಡನೆಯ ವಾರ ಕುಮಟಾ ತಾಲ್ಲೂಕಿನ ಒಂದು ಗಜನಿ ಊರಿನಿಂದ ಬಂದ ಫೋನಿನ ಮೊದಲ ಮಾತು ಇದು. ನಾನು ಡಾಕ್ಟರನಲ್ಲ, ಪಶು ಪರೀಕ್ಷಕನಾಗಿ ನಿವೃತ್ತನಾದವನು. ಆ ಭಾಗದ ಕೊಟ್ಟಿಗೆಗಳಿಗೆ ವರ್ಷಗಟ್ಟಲೆ ಓಡಾಡಿದ್ದರಿಂದ ಊರಿನವರು ಇಂದಿಗೂ ಹಾಗೆಯೇ ಕರೆಯುತ್ತಾರೆ. ಫೋನು ಮಾಡಿದ ರೈತರನ್ನು ನಾನು ಬಲ್ಲೆ. ಎರಡೂವರೆ ಎಕರೆ ಗಜನಿ, ಒಂದು ಎಮ್ಮೆ, ಬೆಳೆ ರಕ್ಷಣೆಗೆಂದು ಪರವಾನಗಿ ಪಡೆದ ಒಂದು ಹಳೆಯ ಒಂಟಿನಳಿಕೆ ಬಂದೂಕು. ಲೋಕಸಭಾ ಚುನಾವಣೆಗೆಂದು ಠಾಣೆಯಲ್ಲಿ ಒಪ್ಪಿಸಿದ್ದ ಆ ಬಂದೂಕು ಆಗಷ್ಟೇ ಮನೆಗೆ ಮರಳಿತ್ತು. ಅವರ ಪ್ರಶ್ನೆಯ ಹಿಂದೆ ತುಂಬಿದ ತೋಟಾ ಇದೆಯೆಂದು ನನಗೆ ಕೂಡಲೇ ತಿಳಿಯಿತು. “ನಾನು ಬರುವವರೆಗೆ ಒಂದು ಗುಂಡನ್ನೂ ಹಾರಿಸಬೇಡಿ” ಎಂದೆ. ಮರುದಿನವೇ ಕಾರವಾರದಿಂದ ಬಸ್ ಹತ್ತಿದೆ.

ಗಜನಿ ಎಂದರೆ ಏನೆಂದು ಘಟ್ಟದ ಮೇಲಿನವರಿಗೆ ಸ್ವಲ್ಪ ಹೇಳಬೇಕು. ಅಘನಾಶಿನಿ ಸಮುದ್ರ ಸೇರುವ ಮುನ್ನ ಅಗಲವಾಗಿ ಹರಡಿಕೊಳ್ಳುತ್ತದೆ. ಉಪ್ಪುನೀರು ದಿನಕ್ಕೆ ಎರಡು ಬಾರಿ ಒಳಗೆ ಬಂದು ಹೋಗುತ್ತದೆ. ಆ ನೀರನ್ನು ಮಣ್ಣಿನ ಕಟ್ಟೆ ಹಾಕಿ, ತೂಬಿಗೆ ಹಲಗೆ ಇಳಿಸಿ ತಡೆದು ಮಾಡಿಕೊಂಡ ಗದ್ದೆಯೇ ಗಜನಿ. ಗೋವೆಯವರು ಖಾಜನ್ ಎನ್ನುವ, ಕೇರಳದವರು ಪೊಕ್ಕಾಳಿ ಬೆಳೆಯುವ ನೆಲದ ಒಡಹುಟ್ಟು ಇದು. ಮುಂಗಾರಿನ ಮಳೆ ಮಣ್ಣಿನ ಉಪ್ಪನ್ನು ತೊಳೆದ ಮೇಲೆ ಮೊಳಕೆ ಬರಿಸಿದ ಕಗ್ಗವೆಂಬ ಭತ್ತದ ಬೀಜವನ್ನು ಚೆಲ್ಲುತ್ತಾರೆ. ಕಗ್ಗ ಉಪ್ಪಿಗೆ ಸೋಲುವುದಿಲ್ಲ, ಕೆಲವು ದಿನ ನೆರೆಯಲ್ಲಿ ಮುಳುಗಿದರೂ ಸಾಯುವುದಿಲ್ಲ, ಆಳೆತ್ತರಕ್ಕೆ ಬೆಳೆಯುತ್ತದೆ. ಗೊಬ್ಬರವಿಲ್ಲ, ಔಷಧವಿಲ್ಲ. ಕೊಯ್ಲಾದ ಮೇಲೆ ಹಲಗೆ ತೆಗೆದರೆ ಅದೇ ಗದ್ದೆಯಲ್ಲಿ ಸಿಗಡಿ, ಮೀನು. ಈ ಬೆಳೆಯನ್ನು ಉಳಿಸಿಕೊಂಡಿರುವ ಊರುಗಳು ಈಗ ಬೆರಳೆಣಿಕೆಯಷ್ಟು. ಆದ್ದರಿಂದ ಇಲ್ಲಿ ಹಾಳಾಗುವುದು ಬರೀ ಭತ್ತವಲ್ಲ, ಮುಂದಿನ ವರ್ಷದ ಬೀಜ. ಅಂಗಡಿಯಲ್ಲಿ ಕೊಂಡು ತರೋಣವೆಂದರೆ ಸಿಗದ ಬೀಜ.

ಗದ್ದೆಯ ಬದುವಿನಲ್ಲಿ ನಿಂತು ನೋಡಿದೆ. ಹತ್ತೊಂಬತ್ತು ಹಕ್ಕಿ. ಮೂರು ವಾರದ ಕಗ್ಗದ ಸಸಿಯ ನಡುವೆ ಸಾಲಾಗಿ ಸಾಗುತ್ತಿದ್ದವು. ಕೊಕ್ಕಿನ ಅಂಚಿನ ಹಲ್ಲುಗಳಿಂದ ಎಲೆಯನ್ನು ಕತ್ತರಿಸುತ್ತಿದ್ದವು, ಮಣ್ಣು ಸಡಿಲವಿದ್ದಲ್ಲಿ ಬುಡಸಮೇತ ಕೀಳುತ್ತಿದ್ದವು. ತಿಂದದ್ದಕ್ಕಿಂತ ತುಳಿದದ್ದು ಹೆಚ್ಚು. ಅಳೆದಾಗ ಹದಿನಾಲ್ಕು ಗುಂಟೆ ಬೋಳಾಗಿತ್ತು.

ಊರಿನವರು ಹಂಸ ಎನ್ನುತ್ತಿದ್ದುದು ಸಾಕು ಹೆಬ್ಬಾತು. ಕೆಲವು ಅಚ್ಚ ಬಿಳಿ, ಕೆಲವು ಬೂದುಕಂದು. ಕೊಕ್ಕಿನ ಬುಡದಲ್ಲಿ ಗುಬ್ಬು, ಗಂಡಿನಲ್ಲಿ ದೊಡ್ಡದು. ಈ ಗುಬ್ಬು ಇರುವ ತಳಿಯ ಮೂಲ ಪೂರ್ವ ಏಷ್ಯಾದ ಹಂಸಬಾತು. ಯುರೋಪಿನ ಸಾಕು ಹೆಬ್ಬಾತಿನ ಮೂಲ ಬೂದು ಹೆಬ್ಬಾತು. ಗುರುತು ಹಿಡಿಯುವ ಈ ಕೆಲಸಕ್ಕೆ ನಾನು ಒಂದು ಇಡೀ ಬೆಳಗನ್ನು ಕೊಟ್ಟೆ. ರೈತರ ತಮ್ಮನಿಗೆ ಅದು ಕಾಲಹರಣವೆನಿಸಿತು. ಆದರೆ ಇಡೀ ಪ್ರಕರಣ ನಿಂತಿರುವುದೇ ಅದರ ಮೇಲೆ. ನಮ್ಮ ರಾಜ್ಯಕ್ಕೆ ಬರುವ ಕಾಡು ಹೆಬ್ಬಾತು ಮುಖ್ಯವಾಗಿ ಪಟ್ಟೆತಲೆಯದು. ಬಿಳಿಯ ತಲೆಯ ಹಿಂಭಾಗದಲ್ಲಿ ಎರಡು ಕಪ್ಪು ಪಟ್ಟೆ. ಹಿಮಾಲಯ ದಾಟಿ ಬಂದು ಚಳಿಗಾಲವನ್ನು ಗದಗ ಜಿಲ್ಲೆಯ ಮಾಗಡಿ ಕೆರೆಯಂಥ ಕಡೆ ಕಳೆದು, ಬೇಸಿಗೆಗೆ ಮುನ್ನ ಹೊರಟುಹೋಗುತ್ತದೆ. ಜುಲೈನಲ್ಲಿ ಅದು ಟಿಬೆಟ್ಟಿನಲ್ಲೋ ಮಂಗೋಲಿಯಾದಲ್ಲೋ ಮರಿ ಮಾಡುತ್ತಿರುತ್ತದೆ. ಅಂದರೆ ಮಳೆಗಾಲದಲ್ಲಿ ನಮ್ಮ ಗಜನಿಯಲ್ಲಿ ಹೆಬ್ಬಾತು ಕಂಡರೆ ಅದು ಯಾರದೋ ಮನೆಯಿಂದ ಬಂದದ್ದು. ಆದರೆ ಅದೇ ಗದ್ದೆಯ ಇನ್ನೊಂದು ಮೂಲೆಯಲ್ಲಿ ಸಿಳ್ಳೆ ಬಾತುಗಳ ಜೋಡಿಯಿತ್ತು, ಜೊಂಡಿನಲ್ಲಿ ನೇರಳೆ ಜಂಬುಕೋಳಿಗಳಿದ್ದವು. ಅವು ಇಲ್ಲೇ ಹುಟ್ಟಿ ಇಲ್ಲೇ ಮರಿ ಮಾಡುವ ಕಾಡುಹಕ್ಕಿಗಳು. ಮುಸ್ಸಂಜೆಯ ಮಳೆಯಲ್ಲಿ ಬಂದೂಕಿನ ಗುರಿಯ ಮುಂದೆ ಎಲ್ಲವೂ ಒಂದೇ ಕಪ್ಪು ಆಕಾರ.

1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಬೇಟೆ ಎಂದರೆ ಕೊಲ್ಲುವುದಷ್ಟೇ ಅಲ್ಲ. ಹಿಡಿಯುವುದು, ಬಲೆಗೆ ಕೆಡವುವುದು, ಗೂಡು ಕೆಡಿಸುವುದು, ಮೊಟ್ಟೆ ಎತ್ತುವುದು ಎಲ್ಲವೂ ಬೇಟೆಯೇ. ಬೆಳೆ ಹಾಳಾಯಿತೆಂದರೂ ಅಧಿಕಾರಿಯ ಲಿಖಿತ ಅನುಮತಿಯಿಲ್ಲದೆ ಪಟ್ಟಿಯಲ್ಲಿರುವ ಹಕ್ಕಿಯನ್ನು ಮುಟ್ಟುವಂತಿಲ್ಲ. ಪರವಾನಗಿ ಇರುವುದು ಬಂದೂಕಿಗೆ, ಹಕ್ಕಿಗಲ್ಲ. ಮೇಲಾಗಿ ಈ ಅಳಿವೆ 2024ರ ಜನವರಿಯಲ್ಲಷ್ಟೇ ಅಂತರರಾಷ್ಟ್ರೀಯ ಮಹತ್ವದ ಜೌಗುನೆಲಗಳ ರಾಮ್ಸರ್ ಪಟ್ಟಿಗೆ ಸೇರಿತ್ತು. ಸಾಕು ಹೆಬ್ಬಾತು ಆ ಕಾಯ್ದೆಯ ಕಾಡುಪ್ರಾಣಿಯಲ್ಲ. ಹಾಗೆಂದು ಅದು ಯಾರದೂ ಅಲ್ಲ ಎಂದೂ ಅಲ್ಲ. ಇನ್ನೊಬ್ಬರ ಪ್ರಾಣಿಯನ್ನು ಕೊಂದರೆ, ಆ ಜುಲೈ 1ರಿಂದಲೇ ಜಾರಿಗೆ ಬಂದಿದ್ದ ಭಾರತೀಯ ನ್ಯಾಯ ಸಂಹಿತೆಯ 325ನೆಯ ಕಲಮು ಎದುರಾಗುತ್ತದೆ. ದನವಾಗಿದ್ದರೆ ಕೊಂಡವಾಡಕ್ಕೆ ಅಟ್ಟಬಹುದಿತ್ತು, ಹಕ್ಕಿಗೆ ಕೊಂಡವಾಡವಿಲ್ಲ.

ಹಾಗಾದರೆ ಯಾರದು? ಇದು ಊರಿನಲ್ಲಿ ಎಲ್ಲರಿಗೂ ಗೊತ್ತಿತ್ತು, ಯಾರೂ ಕೇಳಿರಲಿಲ್ಲ. ನದಿಯಂಚಿನಲ್ಲಿ ಹೊರಗಿನವರೊಬ್ಬರು ನಡೆಸುತ್ತಿದ್ದ ಒಂದು ವಸತಿಗೃಹ 2020ರ ಲಾಕ್‌ಡೌನಿನಲ್ಲಿ ಮುಚ್ಚಿತು. ಅತಿಥಿಗಳು ಫೋಟೋ ತೆಗೆದುಕೊಳ್ಳಲೆಂದು ತಂದಿದ್ದ ನಾಲ್ಕು ಹೆಬ್ಬಾತುಗಳು ಕೊಳದಲ್ಲಿ ಉಳಿದವು. ಊಟ ಹಾಕುವವರಿಲ್ಲದೆ ಬೇಲಿ ದಾಟಿದವು, ಕಾಂಡ್ಲಾ, ಅಂದರೆ ಮ್ಯಾಂಗ್ರೋವ್ ಗಿಡಗಳ ಮರೆಯಲ್ಲಿ ಕಾವು ಕೂತವು. ಮೊಟ್ಟೆಯಿಂದ ಮರಿಗೆ ತಿಂಗಳು ಸಾಕು. ನಾಲ್ಕು ಹತ್ತೊಂಬತ್ತಾಗಲು ನಾಲ್ಕು ವರ್ಷ ಧಾರಾಳವಾಯಿತು. ಜೀವವನ್ನು ಅಲಂಕಾರಕ್ಕೆ ತಂದು, ಬೇಡವಾದಾಗ ಬೀಗ ಹಾಕಿಕೊಂಡು ಹೋಗುವುದನ್ನು ನಾನು ಕ್ಷಮಿಸಲಾರೆ. ಆ ಮಾಲೀಕರ ನಂಬರು ಪಂಚಾಯಿತಿಯಲ್ಲಿ ಸಿಕ್ಕಿತು. “ನನಗೆ ಬೇಡ, ಏನು ಬೇಕಾದರೂ ಮಾಡಿಕೊಳ್ಳಿ” ಎಂದರು. ಅದನ್ನೇ ವಾಟ್ಸ್‌ಆ್ಯಪ್‌ನಲ್ಲಿ ಬರೆದು ಕಳಿಸಿ ಎಂದು ಹಟ ಹಿಡಿದೆ. ಬಂತು. ಅದರ ಪ್ರತಿಯನ್ನು ಪಂಚಾಯಿತಿಗೂ ಅರಣ್ಯ ಇಲಾಖೆಯ ಗಾರ್ಡಿಗೂ ಕೊಟ್ಟೆವು. ಗಾರ್ಡ್ ಬಂದು ಹಕ್ಕಿ ನೋಡಿ, ಸಾಕು ತಳಿಯೇ ಎಂದು ಒಪ್ಪಿಕೊಂಡು ಹೋದರು.

ಇಷ್ಟರಲ್ಲಿ ರೈತರ ಅಕ್ಕನ ಮಗ ನ್ಯೂಜಿಲೆಂಡಿನಿಂದ ವಿಡಿಯೊ ಕರೆ ಮಾಡಿದ. ಅಲ್ಲಿಯ ಹೈನು ಫಾರ್ಮಿನಲ್ಲಿ ಕೆಲಸ. “ಮಾವ, ಇಷ್ಟಕ್ಕೆ ಇಷ್ಟೊಂದು ಕಾಗದವೇ? ಇಲ್ಲಿ ನಮ್ಮ ಯಜಮಾನರು ಹುಲ್ಲುಗಾವಲಿಗೆ ಇಳಿದ ಕೆನಡಾ ಹೆಬ್ಬಾತನ್ನು ಯಾವಾಗ ಬೇಕಾದರೂ ಹೊಡೆಯುತ್ತಾರೆ” ಎಂದ. ಅವನು ಹೇಳಿದ್ದು ನಿಜ. ಬೇಟೆಯ ಹಕ್ಕಿಯೆಂದೇ ಅಲ್ಲಿಗೆ ತಂದು ಬಿಟ್ಟಿದ್ದ ಕೆನಡಾ ಹೆಬ್ಬಾತು ಕೃಷಿಗೆ ಹೊರೆಯಾದಾಗ, 2011ರಲ್ಲಿ ಅದನ್ನು ರಕ್ಷಿತ ಬೇಟೆಹಕ್ಕಿಗಳ ಪಟ್ಟಿಯಿಂದ ತೆಗೆದರು. ಹುಲ್ಲಿನಲ್ಲಿ ಬೊಂಬೆ ಹೆಬ್ಬಾತುಗಳನ್ನು ನಿಲ್ಲಿಸಿ, ಬೇಲಿಯ ನೆರಳಿನಲ್ಲಿ ಮಲಗಿ ಕಾಯುತ್ತಾರಂತೆ. ಹೆಬ್ಬಾತು ಗಾಳಿಗೆ ಎದುರಾಗಿ ಇಳಿಯುವುದರಿಂದ ಗಾಳಿಯನ್ನು ಬೆನ್ನಿಗೆ ಇಟ್ಟುಕೊಂಡು ಕೂರಬೇಕು. ಕಾಲು ಇಳಿಬಿಟ್ಟು ಹತ್ತಿರ ಬರುವವರೆಗೆ ಗುಂಡು ಹಾರಿಸಬಾರದು. ಇದನ್ನೆಲ್ಲ ಹುಡುಗ ಚೆನ್ನಾಗಿ ವಿವರಿಸಿದ. ಎದೆಯ ಎರಡು ತುಂಡು ತೆಗೆದುಕೊಂಡು ಉಳಿದದ್ದನ್ನು ಹೂಳುವವರೂ ಇದ್ದಾರೆಂದ. ಅದು ನನಗೆ ಹಿಡಿಸಲಿಲ್ಲ. ಅವರದು ಮೈಲಿಗಟ್ಟಲೆ ಖಾಲಿ ಹುಲ್ಲುಗಾವಲು. ನಮ್ಮಲ್ಲಿ ಕಟ್ಟೆಯ ಆಚೆ ಮನೆ, ಈಚೆ ದೋಣಿ, ಇಳಿತದ ಹೊತ್ತಿಗೆ ಕೆಸರಿನಲ್ಲಿ ಬಗ್ಗಿ ಬಳಚು ಎಂಬ ಚಿಪ್ಪುಮೀನು ಹೆಕ್ಕುವ ಹೆಂಗಸರು. ಸೀಸದ ಚರೆ ಬೀಳುವುದು ಅದೇ ಬಳಚಿನ ಕೆಸರಿಗೆ. ಬಂದೂಕು ಬೇಡವೆಂದು ನಾನು ಹೇಳಿದ್ದಕ್ಕೆ ಕಾನೂನಿಗಿಂತ ಈ ಕಾರಣವೇ ದೊಡ್ಡದು.

ಬಲೆ ಕಟ್ಟಿ ಹಿಡಿಯೋಣ, ಎರಡು ದಿನ ಬಿಟ್ಟು ಬರುತ್ತೇನೆ ಎಂದು ಹೇಳಿ ಕಾರವಾರಕ್ಕೆ ಮರಳಿದೆ. ಜುಲೈ 16ರ ಬೆಳಿಗ್ಗೆ ಅಂಕೋಲಾದ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆ ದಿನಗಳ ಸಂಕಟವನ್ನು ಈ ಜಿಲ್ಲೆಯವರಿಗೆ ನಾನು ಹೇಳಬೇಕಾಗಿಲ್ಲ. ಹೆದ್ದಾರಿ ಮುಚ್ಚಿತು, ಮಳೆ ನಿಲ್ಲಲಿಲ್ಲ, ನಾನು ಹೋಗಲಾಗಲಿಲ್ಲ. ಗದ್ದೆ ಕಾಯುವವರಿಗೆ ತಾಳ್ಮೆ ಉಳಿಯಲಿಲ್ಲ. ರೈತರ ತಮ್ಮ, ನಾಲ್ಕು ಹುಡುಗರನ್ನೂ ಎರಡು ನಾಯಿಗಳನ್ನೂ ಕಟ್ಟಿಕೊಂಡು ಒಂದು ಸಂಜೆ ಬೆನ್ನಟ್ಟಿದರು. ಅದು ಭರತದ ಹೊತ್ತು, ಕಾಲುವೆಗಳೆಲ್ಲ ತುಂಬಿದ್ದವು. ನೀರು ಸಿಕ್ಕ ಹೆಬ್ಬಾತನ್ನು ಮನುಷ್ಯ ಹಿಡಿಯಲಾರ. ಗುಂಪು ಒಡೆಯಿತು. ಎರಡು ಹಕ್ಕಿ ನದಿಯನ್ನೇ ದಾಟಿದವು, ಉಳಿದವು ಪಕ್ಕದವರ ಗದ್ದೆಗೆ ನುಗ್ಗಿ ಅಲ್ಲಿ ಇನ್ನೂ ನಾಲ್ಕು ಗುಂಟೆ ತುಳಿದವು. ನಾಯಿಗಳು ಹೆದರಿಸಿದ ಮೇಲೆ ಅವು ಮನುಷ್ಯನನ್ನು ನೂರು ಮಾರು ದೂರದಿಂದಲೇ ಕಂಡು ಕೂಗತೊಡಗಿದವು.

ರೈಲು ಹಿಡಿದು ಮತ್ತೆ ಕುಮಟಾಕ್ಕೆ ಹೋಗಿ ನೋಡಿದಾಗ, ಕಟ್ಟೆಯ ಮೇಲೆ ಅವು ರಾತ್ರಿ ತಂಗುವ ಜಾಗದಲ್ಲಿ ದಪ್ಪ ದಪ್ಪ ಗರಿಗಳು ಬಿದ್ದಿದ್ದವು. ರೆಕ್ಕೆಯ ಗರಿ. ನನಗೆ ಆ ದಿನದ ದೊಡ್ಡ ಸಮಾಧಾನ ಅದು. ಹೆಬ್ಬಾತು ವರ್ಷಕ್ಕೊಮ್ಮೆ ಹಾರುವ ಗರಿಗಳನ್ನೆಲ್ಲ ಒಟ್ಟಿಗೆ ಉದುರಿಸುತ್ತದೆ. ಹೊಸದು ಬರುವ ಮೂರು ನಾಲ್ಕು ವಾರ ಅದಕ್ಕೆ ಹಾರಾಟವಿಲ್ಲ, ನೀರೊಂದೇ ದಾರಿ. ನೀರು ಇಲ್ಲದ ಹೊತ್ತನ್ನು ಆರಿಸಿಕೊಂಡರೆ ಅದು ನಡೆಯಲೇಬೇಕು.

ಆಗಸ್ಟ್ 4 ಅಮಾವಾಸ್ಯೆ. ಅಮಾವಾಸ್ಯೆಯ ಇಳಿತ ದೊಡ್ಡದು, ನಮ್ಮ ತೀರದಲ್ಲಿ ಅದು ಬೆಳಗಿನ ಜಾವಕ್ಕೆ ಬೀಳುತ್ತದೆ. ಅದಕ್ಕೆ ಮುಂಚಿನ ಒಂಬತ್ತು ದಿನ ಒಂದೇ ಕೆಲಸ: ವಸತಿಗೃಹದ ಹಳೆಯ ಬೇಲಿಯ ಮೂಲೆಯಲ್ಲಿ ಬಿದಿರಿನ ಗೂಟ ನೆಟ್ಟು, ಹರಿದ ಮೀನುಬಲೆಯನ್ನು ಎರಡು ಕೈ ಚಾಚಿದಂತೆ ಕಟ್ಟಿ, ಒಳಗೆ ಭತ್ತ ಚೆಲ್ಲುವುದು. ಸುರಿಯುವವರು ಒಬ್ಬರೇ, ರೈತರ ಅತ್ತಿಗೆ, ದಿನವೂ ಅದೇ ಸೀರೆಯ ಮೇಲೆ ಅದೇ ಕಂಬಳಿಕೊಪ್ಪೆ. ಏಳನೆಯ ದಿನ ಅವು ಅವರ ಹಿಂದೆ ಬರತೊಡಗಿದವು. ಅಮಾವಾಸ್ಯೆಯ ಬೆಳಿಗ್ಗೆ ಕಾಲುವೆಯಲ್ಲಿ ಮೊಣಕಾಲಿನ ನೀರೂ ಇರಲಿಲ್ಲ. ಎಂಟು ಜನ, ನಾಯಿಯಿಲ್ಲ, ಕೂಗಿಲ್ಲ. ಕೈ ಅಗಲಿಸಿಕೊಂಡು ನಿಧಾನ ನಡೆದೆವು. ಅತ್ತಿಗೆ ಮುಂದೆ ಭತ್ತದ ಬುಟ್ಟಿ ಹಿಡಿದು ನಡೆದರು. ಇಪ್ಪತ್ತು ನಿಮಿಷದಲ್ಲಿ ಹದಿನೇಳೂ ಬಲೆಯೊಳಗೆ. ನಾನು ಕಂಡ ಅತ್ಯಂತ ಸದ್ದಿಲ್ಲದ ಬೇಟೆ ಅದು. ಬೇಟೆ ಎನ್ನಬಹುದಾದರೆ, ಅದರ ನಿಜವಾದ ಬೇಟೆಗಾರ್ತಿ ಆ ಅತ್ತಿಗೆ.

ಅಂದು ಗಟಾರಿ ಅಮಾವಾಸ್ಯೆ ಬೇರೆ. ಮಾರನೆಯ ದಿನದಿಂದ ಶ್ರಾವಣ, ಆ ಮನೆಗಳಲ್ಲಿ ಚೌತಿ ಕಳೆಯುವವರೆಗೆ ಮಾಂಸವಿಲ್ಲ. ಹುಡುಗರು ಅವತ್ತೇ ಕೊಯ್ಯೋಣ ಎಂದರು. ನಾನು ಒಪ್ಪಲಿಲ್ಲ. ಬಾತುಗಳೂ ಹೆಬ್ಬಾತುಗಳೂ ಹಕ್ಕಿಜ್ವರದ ವೈರಸನ್ನು ಹೊತ್ತು ಮೇಲ್ನೋಟಕ್ಕೆ ಆರೋಗ್ಯವಾಗಿಯೇ ಓಡಾಡಬಲ್ಲವು. ಕನಿಷ್ಠ ಹತ್ತು ದಿನ ಕಣ್ಣೆದುರು ಇಟ್ಟು, ತಿನ್ನುತ್ತವೆಯೇ, ತಲೆ ಊದಿದೆಯೇ, ಯಾವುದಾದರೂ ಇದ್ದಕ್ಕಿದ್ದಂತೆ ಸತ್ತಿತೇ ಎಂದು ನೋಡದೆ ಹದಿನಾಲ್ಕು ಮನೆಗೆ ಮಾಂಸ ಹಂಚುವುದು ನನ್ನಿಂದಾಗದು. ಮಾತು ಬಿಸಿಯಾಯಿತು. ಕೊನೆಗೆ, ಬಲೆಯಲ್ಲಿ ಕಾಲು ಮುರಿದುಕೊಂಡಿದ್ದ ಒಂದು ಮುದಿ ಗಂಡನ್ನು ನರಳಲು ಬಿಡಬಾರದೆಂದು ಅಂದೇ ಕೊಯ್ದೆವು. ಅದನ್ನು ನಾನೇ ಪರೀಕ್ಷಿಸಿದೆ. ಪಿತ್ತಜನಕಾಂಗವೂ ಶ್ವಾಸಕೋಶವೂ ನಿರ್ಮಲವಾಗಿದ್ದವು. ಹುಡುಗರು ಅದನ್ನು ಕೋಳಿ ಸುಕ್ಕದ ಹಾಗೆ ಮುಕ್ಕಾಲು ಗಂಟೆ ಬೇಯಿಸಿದರು. ಯಾರಿಗೂ ಅಗಿಯಲಾಗಲಿಲ್ಲ, ಮಾಂಸಕ್ಕೆ ಅಳಿವೆಯ ಕೆಸರಿನ ವಾಸನೆ ಹಿಡಿದಿತ್ತು.

ಉಳಿದ ಹದಿನಾರು ಐದು ವಾರ ಬೇಲಿಯೊಳಗೆ ಇದ್ದವು. ಬಾವಿಯ ನೀರು, ತೌಡು ಕಲಸಿದ ಗಂಜಿ, ಕೊಚ್ಚಿದ ಬಾಳೆದಿಂಡು, ಹಸಿ ಹುಲ್ಲು. ಒಂದೂ ಕಾಯಿಲೆ ಬೀಳಲಿಲ್ಲ. ಆರು ಎಳೆಯ ಹೆಣ್ಣುಗಳನ್ನು ಎತ್ತರದ ಬೇಲಿಯಿರುವ ಒಂದು ತೋಟದ ಮನೆಯವರು ಸಾಕಲು ಒಯ್ದರು. ಚೌತಿ ಕಳೆದ ಮೇಲೆ ಹತ್ತನ್ನು ಎರಡು ಸಲವಾಗಿ ಕೊಯ್ದೆವು.

ಪುಕ್ಕ ತೆಗೆಯುವುದೇ ಅರ್ಧ ಕೆಲಸ. ಒಳಗಿನ ಮೃದುವಾದ ತುಪ್ಪಳಕ್ಕೆ ನೀರು ಹತ್ತುವುದಿಲ್ಲ. ಕೈ ಅದ್ದಿದರೆ ಚುರ್ರೆನ್ನುವ, ಆದರೆ ಕುದಿಯದ ನೀರಿಗೆ ಅಂಟುವಾಳದ ನೊರೆ ಬೆರೆಸಿ, ಹಕ್ಕಿಯನ್ನು ಮುಳುಗಿಸಿ ಗರಿಗಳ ಎದುರು ದಿಕ್ಕಿಗೆ ಉಜ್ಜಿದಾಗ ಬುಡದವರೆಗೆ ಬಿಸಿ ತಲುಪಿತು. ಅಂಟುವಾಳದ ಉಪಾಯ ಅತ್ತಿಗೆಯದು. ಬಾಲದ ಮೇಲಿನ ಎಣ್ಣೆಗ್ರಂಥಿಯನ್ನು ತಪ್ಪದೆ ಕತ್ತರಿಸಿ ತೆಗೆಯಬೇಕು. ಬಿಟ್ಟರೆ ಇಡೀ ಪಾತ್ರೆಗೆ ಅದರ ವಾಸನೆ. ಕೈಗೆ ಗ್ಲೌಸ್, ಮೂಗಿಗೆ ಬಟ್ಟೆ, ಕರುಳೂ ಪುಕ್ಕವೂ ಸುಣ್ಣ ಹಾಕಿದ ಆಳದ ಗುಂಡಿಗೆ. ಐದು ಕಿಲೋ ತೂಗಿದ ಗಂಡು ಸ್ವಚ್ಛವಾದ ಮೇಲೆ ಮೂರು ಕಿಲೋಗಿಂತ ಸ್ವಲ್ಪ ಹೆಚ್ಚು ಉಳಿಯಿತು.

ಅಡುಗೆಯ ವಿಷಯದಲ್ಲಿ ಮೊದಲು ಬಿಡಬೇಕಾದದ್ದು ಕೋಳಿಯ ನೆನಪು. ಹೆಬ್ಬಾತಿನ ಎದೆಯೂ ಕುರಿಮಾಂಸದಂತೆ ಕಡುಕೆಂಪು, ಬಿಗಿಯಾದ ಎಳೆ. ಕೊಬ್ಬೆಲ್ಲ ಚರ್ಮದ ಕೆಳಗೆ ಪದರವಾಗಿ ಕೂತಿರುತ್ತದೆ. ಅತ್ತಿಗೆ ಮೊದಲು ಆ ಕೊಬ್ಬನ್ನು ಸುಲಿದು, ಸಣ್ಣಗೆ ಹೆಚ್ಚಿ, ಒಂದು ಲೋಟ ನೀರಿನೊಂದಿಗೆ ಸಣ್ಣ ಉರಿಯಲ್ಲಿಟ್ಟರು. ನೀರು ಆರಿ ತಿಳಿಯಾದ ಹೊಂಬಣ್ಣದ ಕೊಬ್ಬು ಉಳಿಯಿತು. ಸೋಸಿ ಭರಣಿಯಲ್ಲಿಟ್ಟರೆ ನಮ್ಮ ಸೆಖೆಗೆ ಅದು ತುಪ್ಪದಂತೆ ಅರ್ಧ ಕರಗಿಯೇ ಇರುತ್ತದೆ. ಮಾಂಸಕ್ಕೆ ಉಪ್ಪು, ಅರಿಶಿನ, ಜಜ್ಜಿದ ಹಸಿ ಪಪ್ಪಾಯಿಕಾಯಿ ಸವರಿ ಎರಡು ಗಂಟೆ. ಆಮೇಲೆ ಮಣ್ಣಿನ ಗಡಿಗೆಯಲ್ಲಿ, ಮಾಂಸ ಮುಳುಗುವಷ್ಟು ನೀರಿನಲ್ಲಿ, ತೆಂಗಿನ ಸಿಪ್ಪೆಯ ಉರಿಯಲ್ಲಿ ಎರಡೂವರೆ ಗಂಟೆ. ಮುದಿ ಹಕ್ಕಿಗೆ ಮೂರೂವರೆ. ಎಲುಬಿನ ಸಂದಿನವರೆಗೂ ಬೆಂದರೆ ವೈರಸ್ಸಿನ ಭಯವೂ ಇಲ್ಲ. ಮೇಲೆ ತೇಲಿದ ಕೊಬ್ಬನ್ನು ಸೌಟಿನಿಂದ ತೆಗೆಯುತ್ತಲೇ ಇರಬೇಕು.

ಮಸಾಲೆ ಆ ಮನೆಯ ಮಾಮೂಲಿನದೇ: ಬ್ಯಾಡಗಿ ಮೆಣಸಿನಕಾಯಿ, ಕೊತ್ತಂಬರಿ, ಕಾಳುಮೆಣಸು, ಲವಂಗ, ದಾಲ್ಚಿನ್ನಿ, ಕೆಂಡದಲ್ಲಿ ಸುಟ್ಟ ಈರುಳ್ಳಿ, ಬೆಳ್ಳುಳ್ಳಿ, ಹುರಿದ ತೆಂಗಿನತುರಿ. ಎರಡೇ ಬದಲಾವಣೆ. ತೆಂಗು ಕೋಳಿಗೆ ಹಾಕುವುದರ ಅರ್ಧ, ಏಕೆಂದರೆ ಕೊಬ್ಬು ಮಾಂಸದಲ್ಲೇ ಇದೆ. ಒಗ್ಗರಣೆಯ ಎಣ್ಣೆಯ ಬದಲು ಆ ಸೋಸಿದ ಕೊಬ್ಬಿನ ಎರಡು ಚಮಚ. ಕೊನೆಗೆ ಮೀನಿನ ಸಾರಿಗೆ ಹಾಕುವ ವಾಟೆಹುಳಿಯ ನಾಲ್ಕು ಒಣ ಚೂರು. ಮಾಂಸಕ್ಕೆ ವಾಟೆಹುಳಿಯೇ ಎಂದು ನಾನು ಕೇಳಿದೆ. “ಜಿಡ್ಡನ್ನು ಕಡಿಯುವುದು ಅದೇ, ತಿಂದು ನೋಡಿ” ಎಂದರು. ತಿಂದೆ. ನಾಲಿಗೆಗೆ ಅಂಟಿಕೊಳ್ಳಬೇಕಾಗಿದ್ದ ಕೊಬ್ಬು ಹುಳಿಯೊಂದಿಗೆ ಸರಿದುಹೋಯಿತು. ಮಾಂಸ ಎಲುಬನ್ನು ತಾನಾಗಿಯೇ ಬಿಟ್ಟಿತ್ತು, ಕೆಸರಿನ ಸುಳಿವೇ ಇರಲಿಲ್ಲ. ಹಿಂದಿನ ವರ್ಷದ ಕಗ್ಗದ ಕೆಂಪು ಕುಚ್ಚಲಕ್ಕಿಯ ಅನ್ನದೊಂದಿಗೆ ಉಂಡೆವು. ಅಮಾವಾಸ್ಯೆಯಂದು ನನ್ನ ಮೇಲೆ ಸಿಟ್ಟಾಗಿದ್ದ ತಮ್ಮ ಎರಡು ಸಲ ಬಡಿಸಿಕೊಂಡು, ಏನೂ ಹೇಳದೆ ನನ್ನ ಬಾಳೆಎಲೆಗೂ ಒಂದು ತೊಡೆಯನ್ನು ಇಟ್ಟರು.

ಬೋಳಾದ ಗುಂಟೆಗಳಿಗೆ, ದಟ್ಟವಾಗಿದ್ದ ಕಡೆಯ ಸಸಿಗಳನ್ನು ಆಗಸ್ಟಿನಲ್ಲೇ ಕಿತ್ತು ನೆಟ್ಟಿದ್ದರು. ಆ ಭಾಗ ಹದಿನೈದು ದಿನ ತಡವಾಗಿ ಕೊಯ್ಲಿಗೆ ಬಂತು, ತೆನೆ ಚಿಕ್ಕದು. ಬೀಜಕ್ಕೆಂದು ಅದರಿಂದ ಒಂದು ಕಾಳನ್ನೂ ಎತ್ತಿಡಲಿಲ್ಲ. ಪಕ್ಕದವರ ನಾಲ್ಕು ಗುಂಟೆಯ ನಷ್ಟಕ್ಕೆ ತಮ್ಮನೇ ಭತ್ತ ಅಳೆದು ಕೊಟ್ಟರು.

ನದಿ ದಾಟಿದ ಎರಡು ಹಕ್ಕಿಗಳ ಲೆಕ್ಕ ಮಾತ್ರ ಮುಗಿದಿಲ್ಲ. ನವೆಂಬರಿನಲ್ಲಿ ಆಚೆ ದಡದವರೊಬ್ಬರು ಫೋನು ಮಾಡಿದರು: ಕಾಂಡ್ಲಾ ಗಿಡಗಳ ನಡುವೆ ಎರಡು ಬಿಳಿ ಹಂಸ ಇವೆ, ಒಂದು ಕಾವು ಕೂತಿದೆ. ವಾಟ್ಸ್‌ಆ್ಯಪ್‌ನ ಆ ಹಳೆಯ ಸಂದೇಶವನ್ನು ಅವರಿಗೂ ಕಳಿಸಿದ್ದೇನೆ. ಅದು ವಲಸೆ ಹಕ್ಕಿಗಳ ಕಾಲ. ತಲೆಯ ಹಿಂದೆ ಪಟ್ಟೆ ಇದೆಯೇ ಎಂದು ಹಗಲಿನಲ್ಲಿ ನೋಡಿ ಫೋಟೋ ಕಳಿಸಿ, ನಾಯಿಗಳನ್ನು ಕಟ್ಟಿಹಾಕಿ, ಅತ್ತಿಗೆಯನ್ನು ಕರೆದುಕೊಂಡು ನಾನೇ ಬರುತ್ತೇನೆ ಎಂದು ಹೇಳಿದ್ದೇನೆ.